ಚೆಂಡುಹೂವು ತಿಂದ ಕೋಳಿ

ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆ. ತವರೂ ಅಂಥದೇ, ಸೇರಿದ ಮನೆಯೂ ಅಂಥದೇ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಮೊಟ್ಟೆಯ ಓಡನ್ನು ಕೂಡ ನಮ್ಮ ಅಡುಗೆಮನೆ ಕಂಡಿಲ್ಲ. ಹಾಗಿದ್ದೂ ಸಿ.ಎಸ್. ಪುರದ ಹತ್ತಿರ, ನಮ್ಮ ತೆಂಗಿನ ತೋಟದ ಮಗ್ಗುಲಲ್ಲಿ, ನಾನು ಬಾಯ್ಲರ್ ಕೋಳಿ ಸಾಕುತ್ತೇನೆ. ಕೇಳಿದವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮ ಕಡೆ ಇದೇನೂ ವಿಶೇಷವಲ್ಲ, ತಿನ್ನುವವರು ಬೇರೆ, ಸಾಕುವವರು ಬೇರೆ. ಮೊದಲು ಮೂಗು ಮುರಿದ ನೆಂಟರಲ್ಲೇ ಒಬ್ಬರು ಆಮೇಲೆ ಶೆಡ್ಡಿಗೆ ಸಾಲ ಹೇಗೆ ಸಿಗುತ್ತದೆ ಎಂದು ಕೇಳಿಕೊಂಡು ಬಂದರು. ಹೇಳಿಕೊಟ್ಟೆ. ಆದರೆ ಅವರು ಅಂದಿದ್ದ ಮಾತನ್ನು ಮೊದಲು ಅವರಿಗೇ ಒಂದು ಸಲ ಒಪ್ಪಿಸಿ, ಆಮೇಲೆ ಹೇಳಿಕೊಟ್ಟೆ. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ.

ಮೊದಲು ನಾವು ಕಂಪನಿಗೆ ಸಾಕುತ್ತಿದ್ದೆವು. ಮರಿ ಅವರದು, ಫೀಡು ಅವರದು, ಔಷಧಿ ಅವರದು, ಕೊನೆಗೆ ತುಂಬಿಕೊಂಡು ಹೋಗುವ ಗಾಡಿಯೂ ಅವರದು. ನಮ್ಮದು ಅಂತ ಇದ್ದದ್ದು ಜಾಗ ಮತ್ತು ನಿದ್ದೆಗೆಡುವುದು. ಅವರೇನು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಸಾಕುವ ಕೂಲಿ ಸರಿಯಾಗಿಯೇ ಕೊಡುತ್ತಿದ್ದರು. ನನಗೆ ಆಗದೇ ಇದ್ದದ್ದು ಆ ಕೂಲಿ ಅನ್ನುವ ಮಾತೇ. ನನ್ನ ಶೆಡ್ಡಿನ ಬಾಗಿಲಲ್ಲಿ ನಿಂತು, ಗಾಳಿಗೆ ಕಟ್ಟಿದ ಪರದೆ ತೋರಿಸಿ, ಕಂಪನಿಯ ಸೂಪರ್‌ವೈಸರು ನನಗೇ "ಪರದೆ ಮೇಲೆತ್ತಮ್ಮ, ಇಳಿಸಮ್ಮ" ಅನ್ನುತ್ತಿದ್ದರೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಒಪ್ಪಂದ ಮುಗಿದಾಗ ಮತ್ತೆ ರುಜು ಹಾಕುವುದಿಲ್ಲ ಅಂದೆ. ನಮ್ಮ ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು.

ಸ್ವಂತಕ್ಕೆ ಸಾಕಿದ ಮೇಲೆ ಕೊಳ್ಳುವವರು ಬೇಕಲ್ಲ. ಕುಣಿಗಲ್ಲಿನ ಒಬ್ಬ ಕೋಳಿ ಅಂಗಡಿಯವರು ಒಪ್ಪಿಕೊಂಡರು. ಒಳ್ಳೆ ಮಾತಿನ ಮನುಷ್ಯ. ಫೋನಿನಲ್ಲೇ ವ್ಯವಹಾರ ಕುದುರಿತು, ಮುಖ ನಾನು ನೋಡಿರಲಿಲ್ಲ. ಮೊದಲ ಬ್ಯಾಚು ಹೋಯಿತು. ಮಧ್ಯಾಹ್ನಕ್ಕೆಲ್ಲ ಅವರಿಂದ ಫೋನು ಬಂತು.

"ಅಕ್ಕಾ, ತೂಕ ಚೆನ್ನಾಗೈತೆ, ಮಾತಿಲ್ಲ. ಆದ್ರೆ ಚರ್ಮ ಬೆಳ್ಳಗೆ ಬಿಳಿಚ್ಕೊಂಡೈತೆ. ನಮ್ ಕಡೆ ಜನ ಸ್ಕಿನ್ ಸಮೇತ ತಗೊಳ್ಳೋರು. ಬೀಗರೂಟಕ್ಕೆ ಅಂದ್ರೆ ನಾಟಿ ಕೋಳಿ ತರ ಹಳದಿ ಇರ್ಬೇಕು. ಇಲ್ದಿದ್ರೆ ಕಾಯಿಲೆ ಕೋಳಿ ಅಂತ ವಾಪಸ್ ಕಳಿಸ್ತಾರೆ."

ಕೋಳಿಯ ಚರ್ಮಕ್ಕೆ ಬಣ್ಣದ ಲೆಕ್ಕವೂ ಇದೆ ಎಂದು ನನಗೆ ಗೊತ್ತಾದದ್ದೇ ಆವತ್ತು. ನಾನು ಕಂಡಿದ್ದ ಕೋಳಿಗೆಲ್ಲ ಮೈಮೇಲೆ ಪುಕ್ಕ ಇರುತ್ತಿತ್ತು. ಪುಕ್ಕದ ಕೆಳಗೆ ಏನಿದೆ ಎಂದು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ನೋಡಿದವರಲ್ಲ.

ಹಳದಿ ಅಂದ ಕೂಡಲೇ ನಮ್ಮ ಬುದ್ಧಿ ಎಲ್ಲಿಗೆ ಓಡುತ್ತದೆ? ಅರಿಶಿನಕ್ಕೆ. ಗಾಯಕ್ಕೆ ಅರಿಶಿನ, ಹೊಸ್ತಿಲಿಗೆ ಅರಿಶಿನ, ಮದುವೆ ಹುಡುಗಿಗೆ ಅರಿಶಿನ; ಕೋಳಿಗೆ ಯಾಕಾಗಬಾರದು? ಎರಡನೆಯ ಬ್ಯಾಚಿಗೆ ಫೀಡಿನ ಜೊತೆ ಅರಿಶಿನದ ಪುಡಿ ಕಲಸಿ ಹಾಕಿದೆ. ಶೆಡ್ಡೆಲ್ಲ ಹುಳಿಯ ಒಗ್ಗರಣೆ ವಾಸನೆ ಹೊಡೆಯಿತು. ಕೋಳಿಗಳೂ ತಕರಾರಿಲ್ಲದೆ ತಿಂದವು. ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟು ಹಳದಿಯಾಯಿತು, ನನ್ನ ಕೈ ಹಳದಿಯಾಯಿತು, ಕೋಳಿ ಮಾತ್ರ ಹಾಗೇ ಇತ್ತು. ಕುಣಿಗಲ್ಲಿನಿಂದ ಅದೇ ಮಾತು ಮತ್ತೆ ಬಂತು. ಈ ಸಲ ಅದರ ಬಾಲಕ್ಕೆ ಇನ್ನೊಂದು ಮಾತೂ ಇತ್ತು.

"ಇನ್ನೊಂದ್ಸಲ ನೋಡ್ತೀನಿ ಅಕ್ಕಾ. ಆವಾಗ್ಲೂ ಬೆಳ್ಳಗಿದ್ರೆ ಬೇಜಾರ್ ಮಾಡ್ಕೋಬೇಡಿ, ಕಂಪನಿ ಗಾಡಿದೇ ಇಳಿಸ್ಕೋತೀನಿ."

ಅಂದರೆ ಇನ್ನೊಂದೇ ಬ್ಯಾಚು. ಅದೂ ಕೆಟ್ಟರೆ ಕೊಳ್ಳುವವರಿಲ್ಲ, ಕೊಳ್ಳುವವರಿಲ್ಲದಿದ್ದರೆ ಮತ್ತೆ ಕಂಪನಿ, ಮತ್ತೆ "ಪರದೆ ಎತ್ತಮ್ಮ". ಅದನ್ನು ನೆನೆದರೇ ಊಟ ಸೇರುತ್ತಿರಲಿಲ್ಲ.

ತುಮಕೂರಿನಲ್ಲಿ ನಿವೃತ್ತಿಯಾಗಿ ಮನೆಯಲ್ಲಿರುವ ಒಬ್ಬ ಪಶುವೈದ್ಯರ ಪರಿಚಯವಿತ್ತು. ಅವರ ಮನೆಗೇ ಹೋದೆ. ಅರಿಶಿನದ ಕಥೆ ಕೇಳಿ ಅವರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಾನು ಮುಖ ಊದಿಸಿಕೊಂಡು ಕೂತಿದ್ದು ನೋಡಿ ಕನ್ನಡಕ ಒರೆಸಿಕೊಂಡು ಶುರುಮಾಡಿದರು.

"ನೋಡಮ್ಮ, ಕೋಳಿ ಹಳದೀನ ತಾನಾಗಿ ತಯಾರ್ ಮಾಡ್ಕೊಳಲ್ಲ. ತಿಂದಿದ್ರಲ್ಲಿ ಇದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ನೀನು ಫೀಡಿಗೆ ಏನ್ ಹಾಕ್ತಿದೀಯ?"

"ಮುಸುಕಿನ ಜೋಳ ಜಾಸ್ತಿ ರೇಟು ಅಂತ ನುಚ್ಚಕ್ಕಿ, ಸಜ್ಜೆ ಹಾಕಿಸ್ತಿದೀನಿ ಸಾರ್."

"ಅಲ್ಲೇ ಹೋಯ್ತು. ನುಚ್ಚಲ್ಲಿ ಬಣ್ಣ ಎಲ್ಲಿದೆ? ಹಳದಿ ಜೋಳದಲ್ಲಿರೋ ಬಣ್ಣ ಕೊಬ್ಬಿನ ಜೊತೆ ಸೇರಿ ಚರ್ಮಕ್ಕೆ, ಕಾಲಿಗೆ, ಕೊಕ್ಕಿಗೆ ಇಳಿಯುತ್ತೆ. ಚೆಂಡುಹೂವಲ್ಲಿ ಅದೇ ಜಾತಿ ಬಣ್ಣ ಇನ್ನೂ ಗಟ್ಟಿಯಾಗಿದೆ. ಅರಿಶಿನದ್ದು ಬೇರೆ ಜಾತಿ. ಅದು ಹೊಟ್ಟೆಯಿಂದ ಮೈಗೆ ಹತ್ತೋದೇ ಕಮ್ಮಿ."

ಬಣ್ಣ ಹತ್ತಲು ವಾರಗಟ್ಟಲೆ ಬೇಕು, ಕೊನೆಯ ಎರಡು ದಿನ ಹಾಕಿದರೆ ಏನೂ ಆಗುವುದಿಲ್ಲ ಅಂದರು. ಕೋಳಿಗೆ ಭೇದಿಯಾದರೆ ತಿಂದ ಬಣ್ಣವೂ ನಿಲ್ಲುವುದಿಲ್ಲ, ಹೊಟ್ಟು ಒದ್ದೆಯಾಗದಂತೆ ನೋಡಿಕೋ ಅಂದರು. ಹೊರಡುವಾಗ ಬಾಗಿಲವರೆಗೆ ಬಂದು, "ಹೂವು ಬರೀ ಎಸಳು ಹಾಕು, ಔಷಧಿ ಹೊಡೆದಿರೋ ತೋಟದ್ದು ಬೇಡ" ಎಂದು ಇನ್ನೊಂದು ಸಲ ಕೂಗಿ ಹೇಳಿದರು.

ದೀಪಾವಳಿ ಆಗಷ್ಟೇ ಮುಗಿದಿತ್ತು. ಹಬ್ಬ ಮುಗಿದ ಮೇಲೆ ಚೆಂಡುಹೂವನ್ನು ಕೇಳುವವರಾರು? ಗುಬ್ಬಿ ದಾರಿಯಲ್ಲಿ ಹೂವು ಬೆಳೆಯುವ ಪರಿಚಯದವರ ಹೊಲವಿತ್ತು. ಔಷಧಿ ಹೊಡೆಯದೆ ಬೆಳೆದದ್ದು, ಕೊಯ್ಯುವ ಕೂಲಿ ಹುಟ್ಟುವುದಿಲ್ಲ ಎಂದು ಗಿಡದಲ್ಲೇ ಬಿಟ್ಟಿದ್ದರು. ನಾನೇ ಆಳು ಕರೆದುಕೊಂಡು ಹೋಗಿ ಕೊಯ್ಯಿಸಿದೆ. ಮೂಟೆಗಳು ಬಂದು ಅಂಗಳದಲ್ಲಿ ಇಳಿದಾಗ ಅತ್ತೆ ಪೂಜೆಯಿಂದ ಎದ್ದು ಬಂದರು. ನಮ್ಮತ್ತೆ ದಿನಾ ಎರಡು ಹೊತ್ತು ಲಿಂಗಪೂಜೆ ಮಾಡುವವರು, ಶೆಡ್ಡಿನ ಕಡೆ ತಲೆ ಹಾಕಿ ಕೂಡ ಮಲಗದವರು.

"ಇಷ್ಟೊಂದು ಹೂವಾ? ಯಾವ ದೇವರಿಗೆ?"

"ಕೋಳಿಗೆ ಅತ್ತೆ."

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋದು ಕೇಳಿದ್ದೆ. ಇವಳು ಹೊಟ್ಟೆಗೇ ಹೂವು ಹಾಕೋಕೆ ಹೊರಟವ್ಳೆ! ಶಿವನ ತಲೆ ಮೇಲಿರ್ಬೇಕಾದ್ದು ಕಣೇ ಅದು."

"ಶಿವನಿಗೆ ಬೇಕಾದಷ್ಟು ತಗೊಳ್ಳಿ ಅತ್ತೆ, ಮಿಕ್ಕಿದ್ದು ನಂಗ್ ಕೊಡಿ," ಅಂದೆ. ಅವರು ನಿಜಕ್ಕೂ ಒಂದು ಬುಟ್ಟಿ ತುಂಬಿಕೊಂಡು ಒಳಗೆ ಹೋದರು. ಆ ವಾರ ನಮ್ಮ ದೇವರ ಕೋಣೆಯಲ್ಲಿ ದೇವರು ಕಾಣುತ್ತಿರಲಿಲ್ಲ.

ಮೊದಲ ಮೂಟೆಗಳನ್ನು ತಾರಸಿಯ ಮೇಲೆ ಬಿಸಿಲಿಗೆ ಹರವಿದೆ. ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಎಲ್ಲ ಒಣಗಿಸಿದವಳಿಗೆ ಹೂವು ಯಾವ ಲೆಕ್ಕ ಎಂದುಕೊಂಡಿದ್ದೆ. ಬಿಸಿಲು ಬಣ್ಣವನ್ನೆಲ್ಲ ಹೀರಿಕೊಂಡು ನನಗೆ ಒಣಹುಲ್ಲಿನಂಥ ಸರಕು ಬಿಟ್ಟಿತು. ಮತ್ತೆ ಹೊಲಕ್ಕೆ ಓಡಿದೆ. ಈ ಸಲ ಎಸಳು ಬಿಡಿಸಿ, ಕೊಬ್ಬರಿಗೆ ಕಾಯಿ ಕೂಡಿಡುವ ಅಟ್ಟದ ಮೇಲೆ, ನೆರಳಲ್ಲಿ ಗಾಳಿಗೆ ಹರವಿದೆ. ಅಲ್ಲಿ ಹೊಗೆಯಿಲ್ಲ, ಬಿಸಿಲಿಲ್ಲ. ಎಸಳು ಕೆಂಪು ಹಳದಿಯಾಗಿಯೇ ಗರಿಗರಿ ಒಣಗಿತು. ಮೆಣಸಿನಪುಡಿ ಮಾಡುವ ಮಿಲ್ಲಿನವರನ್ನು ಕಾಡಿ ಬೇಡಿ, ಮಿಷನ್ನು ತೊಳೆಸಿ ಪುಡಿ ಮಾಡಿಸಿದೆ. ಮೂರನೆಯ ಬ್ಯಾಚಿನ ಫೀಡಿಗೆ ಆ ಪುಡಿ ಕಲಸಿ, ನುಚ್ಚಿನ ಬದಲು ಹಳದಿ ಮುಸುಕಿನ ಜೋಳವನ್ನೇ ಹಾಕಿಸಿದೆ. ಯಜಮಾನರು ಗೊಣಗಿದರು. ನಾನು ಕೇಳಿಸಿಕೊಳ್ಳಲಿಲ್ಲ.

ಆಮೇಲೆ ದಿನಾ ಬೆಳಿಗ್ಗೆ ಶೆಡ್ಡಿಗೆ ಹೋಗಿ ಕೋಳಿಗಳ ಕಾಲು ನೋಡುವುದೇ ನನ್ನ ಕೆಲಸ. ಮೊದಲ ವಾರ ಏನಿಲ್ಲ. ಎರಡನೆಯ ವಾರ ನನಗೇ ಅನುಮಾನ, ಹಳದಿಯಾಗಿದೆಯೋ ನಾನು ಹಾಗೆ ಅಂದುಕೊಳ್ಳುತ್ತಿದ್ದೇನೋ. ಅದರ ಮುಂದಿನ ವಾರ ಅನುಮಾನವೇ ಉಳಿಯಲಿಲ್ಲ. ಕಾಲು, ಕೊಕ್ಕು ಎಲ್ಲ ಮಾಗಿದ ಬಾಳೆಹಣ್ಣಿನ ಹಾಗೆ. ಯಜಮಾನರನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದೆ. ಅವರು ಕೂಡ ಬಗ್ಗಿ ನೋಡಿ, "ಪರವಾಗಿಲ್ವೇ!" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಬಿರುದು.

ಕಾಲು ಹಳದಿಯಾದರೆ ಕೋಳಿಯೇ ಹಳದಿ ಎಂದು ನಂಬಿ ಬೆಳಿಗ್ಗೆ ಮೊದಲ ಗಾಡಿ ತುಂಬಿಸಿದೆ. ಕುಣಿಗಲ್ಲಿನವರಿಗೆ ಮಾರನೆಯ ದಿನ ಹುಲಿಯೂರುದುರ್ಗದ ಒಂದು ಬೀಗರೂಟದ ಆರ್ಡರಿತ್ತು. ಇದೇ ಕೋಳಿ ಅಲ್ಲಿಗೆ ಹೋಗಬೇಕು. ನಾನು ಫೋನಿಗೆ ಕಾಯುತ್ತಿದ್ದೆ, ಹೊಗಳಿಕೆ ಕೇಳುವುದಕ್ಕೆ.

"ಬೆಳ್ಳಗೇ ಐತಲ್ಲ ಅಕ್ಕಾ," ಅಂದರು ಅವರು. "ಬೀಗರೂಟದ ಮನೆಗೆ ನೋಡೋಕೆ ಅಂತ ಎರಡು ಕೋಳಿ ಕಳಿಸಿದ್ದೆ. ವಾಪಸ್ ಕಳಿಸವ್ರೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಸುಳ್ಳು ಹೇಳ್ಬೇಡಿ ಅಣ್ಣಾ. ನನ್ ಕೋಳಿ ಕಾಲು ನೀವು ನೋಡಿದ್ರಾ? ಅರಿಶಿನದ ಕೊಂಬು ಇದ್ದಂಗಿದೆ!"

"ಜನ ಕಾಲ್ ತಿಂತಾರಾ ಅಕ್ಕಾ? ನೀವೇ ಬಂದು ನೋಡಿ ಬೇಕಾದ್ರೆ."

ಫೋನು ಇಟ್ಟೆ. ಯಜಮಾನರು ಮೆಲ್ಲಗೆ, "ಕಂಪನಿ ಸೂಪರ್‌ವೈಸರು ನಾಳೆ ಈ ಕಡೆ ಬರ್ತಾನಂತೆ. ಬಂದು ಹೋಗು ಅನ್ಲಾ?" ಅಂದರು. ಅಂಗಡಿಯಲ್ಲೇ ಏನೋ ಐಬಿದೆ ಎಂದು ನಾನು ಅಂದದ್ದಕ್ಕೆ, "ಕುಣಿಯಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದು ಬೇರೆ ಸೇರಿಸಿದರು. ಆ ಗಾದೆ ಕೇಳಿದ ಮೇಲೆ ನನ್ನನ್ನು ಯಾರೂ ತಡೆಯುವ ಹಾಗಿರಲಿಲ್ಲ. ಸೀರೆ ಬದಲಾಯಿಸಿ ಬಸ್ಸು ಹತ್ತಿದೆ.

ಕುಣಿಗಲ್ಲಿನ ಆ ಅಂಗಡಿಯ ಮುಂದೆ ನಿಂತಾಗ ಮಾತ್ರ ಕಾಲು ಮುಂದೆ ಹೋಗಲಿಲ್ಲ. ಇಷ್ಟು ವರ್ಷ ಕೋಳಿ ಸಾಕಿದವಳು ಕೋಳಿ ಅಂಗಡಿಯ ಹೊಸ್ತಿಲು ದಾಟಿರಲಿಲ್ಲ. ಬಸ್ಸಿನಲ್ಲಿ ಹೋಗುವಾಗ ಕೂಡ ಅಂಥ ಅಂಗಡಿ ಬಂದರೆ ಆ ಕಡೆ ಮುಖ ಮಾಡುತ್ತಿದ್ದವಳು. ಅಂಗಡಿಯವರು ಆಚೆ ಬಂದರು, ನರೆತ ಗಡ್ಡ, ಪ್ಲಾಸ್ಟಿಕ್ಕಿನ ಏಪ್ರನ್ನು. "ಅಕ್ಕಾ, ಇಲ್ಲೇ ಚೇರ್ ಹಾಕಿಸ್ತೀನಿ, ಕೂತ್ಕಳಿ," ಎಂದು ಮರ್ಯಾದೆಯಿಂದಲೇ ಅಂದರು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂದುಕೊಂಡು, ಸೆರಗು ಮೂಗಿಗೆ ಹಿಡಿದು ಒಳಗೆ ಹೋದೆ.

ಪಂಜರದಲ್ಲಿ ನನ್ನ ಕೋಳಿಗಳೇ ಇದ್ದವು, ಹಳದಿ ಕಾಲಿನವು. ಪಕ್ಕದ ತಟ್ಟೆಯಲ್ಲಿ ಪುಕ್ಕ ಕಿತ್ತವು ಬೆಳ್ಳಗೆ ಮಲಗಿದ್ದವು. ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ನಾನೇ ನೀರು ಕುಡಿಸಿ ಸಾಕಿದ್ದವು ಎಂದು ಸಂಕಟವಾಯಿತು. ಮುಖ ತಿರುಗಿಸಿಕೊಂಡೆ. ತಿರುಗಿಸಿದ ಕಡೆ ಒಂದು ಬಕೆಟ್ಟು. ಅದರ ತುಂಬ ಕತ್ತರಿಸಿದ ಕಾಲುಗಳು. ಅವೂ ಬೆಳ್ಳಗಿದ್ದವು.

"ಅಣ್ಣಾ, ಈ ಕಾಲು ಯಾವ ಕೋಳೀದು?"

"ನಿಮ್ದೇ ಅಕ್ಕಾ. ಬೆಳಿಗ್ಗೆಯಿಂದ ಬೇರೆ ಮಾಲೇ ಮುಟ್ಟಿಲ್ಲ."

"ಪಂಜರದಲ್ಲಿ ಹಳದಿ, ಬಕೆಟ್ಟಲ್ಲಿ ಬಿಳಿ. ಮಧ್ಯ ಏನಾಯ್ತು?"

ಅವರು ಪಂಜರವನ್ನೊಮ್ಮೆ ನೋಡಿದರು, ಬಕೆಟ್ಟನ್ನೊಮ್ಮೆ ನೋಡಿದರು. "ಒಂದು ಮಾಡಿ ತೋರ್ಸಿ," ಅಂದೆ. ಕೊಯ್ಯುವಾಗ ಗೋಡೆ ಕಡೆ ತಿರುಗಿ ಶಿವ ಶಿವ ಅಂದುಕೊಂಡೆ. ತಿರುಗಿ ನೋಡಿದಾಗ ಅವರು ಹಿಂದುಗಡೆಯ ಡ್ರಮ್ಮಿನಲ್ಲಿ ಕೋಳಿಯನ್ನು ಅದ್ದುತ್ತಿದ್ದರು. ನೀರು ಕೊತಕೊತ ಕುದಿಯುತ್ತಿತ್ತು. ಆಮೇಲೆ ಪುಕ್ಕ ಕೀಳುವ ಮಿಷನ್ನಿಗೆ ಹಾಕಿದರು. ಒಳಗೆಲ್ಲ ರಬ್ಬರಿನ ಬೆರಳುಗಳು. ಕೋಳಿ ನಾಲ್ಕು ಸುತ್ತು ಸುತ್ತಿ ಬೆಳ್ಳಗಾಗಿ ಆಚೆ ಬಂತು. ನಾನು ಬಗ್ಗಿ ಮಿಷನ್ನಿನ ಒಳಗೆ ನೋಡಿದೆ. ರಬ್ಬರಿನ ಬೆರಳುಗಳಿಗೆ ಪುಕ್ಕದ ಜೊತೆ ಏನೋ ತೆಳ್ಳನೆಯ ಪೊರೆ ಮೆತ್ತಿಕೊಂಡಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದೆ. ಹಳದಿ! ನನ್ನ ಅಟ್ಟದ ಮೇಲಿನ ಹೂವಿನ ಬಣ್ಣ!

"ಸಿಕ್ಕಿತು ನೋಡಿ ಅಣ್ಣಾ!" ಎಂದು ಅಂಗಡಿಯೇ ಹಾರಿಹೋಗುವ ಹಾಗೆ ಕೂಗಿದೆ. "ಬಾದಾಮೀನ ಕುದಿಯೋ ನೀರಿಗೆ ಹಾಕಿದ್ರೆ ಸಿಪ್ಪೆ ಜಾರಲ್ವಾ? ನೀವು ಮಾಡ್ತಿರೋದು ಅದೇ. ಬಣ್ಣ ಇರೋ ಮೇಲ್ಪೊರೆನೇ ಕಿತ್ತು ಚರಂಡಿಗೆ ಬಿಡ್ತಿದೀರಿ!"

"ನೀರ್ ಕುದೀದೆ ಇದ್ರೆ ಪುಕ್ಕ ಬರಲ್ಲ ಅಕ್ಕಾ. ಗಿರಾಕಿ ನಿಂತಿರ್ತಾರೆ, ಬೇಗ ಆಗ್ಬೇಕು."

"ನಾಟಿ ಕೋಳಿ ಮನೇಲಿ ಹೆಂಗ್ ಮಾಡ್ತಾರೆ?"

"ಅದು ಬಿಸಿನೀರಲ್ಲಿ ನಿಧಾನಕ್ಕೆ ಅದ್ದಿ ಕೈಯಲ್ಲೇ..." ಅನ್ನುತ್ತಾ ಅವರು ಅಲ್ಲೇ ನಿಂತುಬಿಟ್ಟರು.

ಒಲೆಯ ಉರಿ ತಗ್ಗಿಸಿದೆವು. ಎಷ್ಟು ಬಿಸಿ ಇರಬೇಕು ಅನ್ನುವುದಕ್ಕೆ ಇಬ್ಬರಿಗೂ ಗೊತ್ತಿದ್ದ ಅಳತೆ ಕೈಯೇ. ಸ್ನಾನದ ನೀರಿಗಿಂತ ಬಿಸಿ, ಕುಡಿಯುವ ಕಾಫಿಗಿಂತ ತಣ್ಣಗೆ. ಕೈ ಅದ್ದಿದರೆ ಚುರುಕ್ ಅನ್ನಬೇಕು, ಬೊಬ್ಬೆ ಏಳಬಾರದು. ಅದರಲ್ಲಿ ಕೋಳಿಯನ್ನು ಹೆಚ್ಚು ಹೊತ್ತು ಹಿಡಿದು, ಮಿಷನ್ನಿಗೆ ಹಾಕದೆ ಕೈಯಲ್ಲೇ ಪುಕ್ಕ ಕಿತ್ತರು. ರೆಕ್ಕೆಯ ಹತ್ತಿರ ತಡವಾಯಿತು, ಬೈದುಕೊಂಡರು. ಕೊನೆಗೆ ತಣ್ಣೀರು ಸುರಿದು, ಕುದಿಯುವ ನೀರಿನಲ್ಲಿ ಅದ್ದಿದ್ದರ ಪಕ್ಕಕ್ಕೆ ಇಟ್ಟರು.

ಇದನ್ನು ನಾನು ಯಾವ ನಾಚಿಕೆಯೂ ಇಲ್ಲದೆ ಹೇಳುತ್ತೇನೆ. ಮಾಂಸ ಕಂಡರೆ ಆಗದ ನಾನು, ಪುಕ್ಕ ಕಿತ್ತ ಒಂದು ಕೋಳಿಯನ್ನು ನೋಡಿ ಆವತ್ತು ಚಪ್ಪಾಳೆ ತಟ್ಟಿದೆ. ಒಂದು ಸುಣ್ಣ ಬಳಿದ ಗೋಡೆಯ ಬಣ್ಣ, ಇನ್ನೊಂದು ತುಪ್ಪದ ಬಣ್ಣ. ಗಿರಾಕಿಯೊಬ್ಬರು ಬಾಗಿಲಲ್ಲಿ ನಿಂತು, "ಆ ನಾಟಿ ಕೋಳಿ ನಂಗ್ ಕೊಡ್ರಿ," ಅಂದರು. ಅಂಗಡಿಯವರು ಅದನ್ನು ಮಾರಲಿಲ್ಲ. ಫೋಟೋ ತೆಗೆದು ಹುಲಿಯೂರುದುರ್ಗದ ಮನೆಗೆ ಕಳಿಸಿದರು. ಸಂಜೆ ನಾನು ಊರಿನ ಬಸ್ಸು ಹತ್ತುವ ಹೊತ್ತಿಗೆ ಅಲ್ಲಿಂದ ಉತ್ತರ ಬಂದಿತ್ತು: ಫೋಟೋ ನಂಬಲ್ಲ, ಬೆಳಿಗ್ಗೆ ಮಾಲು ತನ್ನಿ, ನೋಡಿ ಇಳಿಸ್ಕೋತೀವಿ.

ಮಾರನೆಯ ದಿನ ಮುಂಜಾನೆಯ ಬಸ್ಸಿಗೆ ಮತ್ತೆ ಕುಣಿಗಲ್ಲಿಗೆ ಬಂದು, ಕೈಯಲ್ಲೇ ಪುಕ್ಕ ಕಿತ್ತ ಕೋಳಿಗಳ ಟಬ್ಬಿನ ಜೊತೆ ಅಂಗಡಿಯವರ ಲಗೇಜ್ ಆಟೋದಲ್ಲಿ ನಾನೂ ಹೊರಟೆ. ಬೇಡ ಅಂದರು, ಕೇಳಲಿಲ್ಲ. ದುರ್ಗದ ಬೆಟ್ಟದ ಕೆಳಗೆ ಒಂದು ಬಯಲಲ್ಲಿ ಶಾಮಿಯಾನ ಹಾಕಿದ್ದರು. ಒಲೆಗಳು ಉರಿಯುತ್ತಿದ್ದವು, ಮುದ್ದೆಗೆ ಎಸರು ಇಟ್ಟಾಗಿತ್ತು. ಗಂಡಿನ ಮನೆಯ ಅಜ್ಜಿಯದೇ ಅಲ್ಲಿ ಯಜಮಾನಿಕೆ. ಅಡುಗೆಯವರು ಕೂಡ ಆಕೆಯ ಕಡೆ ನೋಡಿಯೇ ಉಪ್ಪು ಹಾಕುತ್ತಿದ್ದರು. ಆಕೆ ಬಂದು ಟಬ್ಬಿನ ಮುಚ್ಚಳ ತೆಗೆಸಿ ನೋಡಿ, ತುಟಿ ಕೊಂಕಿಸಿದರು.

"ನಿನ್ನೆ ಬಿಳೀದು, ಇವತ್ತು ಹಳದೀದು. ರಾತ್ರೋರಾತ್ರಿ ಅರಿಶಿನ ಬಳ್ಕೊಂಡು ಬಂದಿದೀರೇನ್ಲಾ?"

ಅಂಗಡಿಯವರು ಏನೋ ಹೇಳಲು ಹೋದರು. ಆಕೆ ಕೈ ಅಡ್ಡ ಹಿಡಿದು, ಒಂದು ಬಿಳಿ ಪಂಚೆ ತುಂಡು ತರಿಸಿದರು. ನೀರಲ್ಲಿ ಅದ್ದಿ, ಒಂದು ಕೋಳಿಯನ್ನು ಎತ್ತಿಕೊಂಡು ಗಸಗಸ ಉಜ್ಜಿದರು. ತೊಡೆ ಉಜ್ಜಿದರು, ಬೆನ್ನು ಉಜ್ಜಿದರು. ಅಡುಗೆಯವರು ಸೌಟು ಬಿಟ್ಟು ಸುತ್ತ ನಿಂತರು. ಬಣ್ಣ ಬಿಡುವುದಿಲ್ಲ ಎಂದು ಗೊತ್ತಿದ್ದೂ ನಾನು ಆ ಬಟ್ಟೆಯಿಂದ ಕಣ್ಣು ತೆಗೆಯಲಿಲ್ಲ. ಆಕೆ ಬಟ್ಟೆಯನ್ನು ಬಿಡಿಸಿ ಬಿಸಿಲಿಗೆ ಹಿಡಿದರು. ಬಟ್ಟೆ ಬೆಳ್ಳಗೇ ಇತ್ತು.

"ಬಳ್ದಿರೋದಲ್ಲ ಕಣ್ರಲಾ ಇದು," ಅಂದರು ಅಜ್ಜಿ. "ತಿಂದಿರೋದು. ಇಳಿಸ್ಕಳಿ ಎಲ್ಲಾನೂ." ಆಮೇಲೆ, "ಯಾರ್ ಮನೇದು ಈ ಕೋಳಿ?"

ಅಂಗಡಿಯವರು ನನ್ನನ್ನು ತೋರಿಸಿದರು. ಅಜ್ಜಿ ನನ್ನ ವಿಭೂತಿ ನೋಡಿದರು, ಕೊರಳಿನ ಲಿಂಗದ ದಾರ ನೋಡಿದರು.

"ಏನವ್ವ ಹಾಕ್ತೀಯ ಇವಕ್ಕೆ?"

"ಚೆಂಡುಹೂವು ಅಜ್ಜಿ."

ಶಾಮಿಯಾನ ಪೂರ್ತಿ ನಕ್ಕಿತು. ಅಜ್ಜಿ ನಗಲಿಲ್ಲ. "ತಿನ್ನದೇ ಇರೋಳು ಇಂಥಾ ಕೋಳಿ ಸಾಕವ್ಳೆ. ತಿನ್ನೋರು ನೀವು, ಒಂದು ನೆಟ್ಟಗಿರೋದು ಸಾಕಿ ನೋಡಾಣ," ಎಂದು ನಕ್ಕವರನ್ನೇ ಗದರಿಸಿದರು. ಅಂಗಡಿಯವರು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಅಕ್ಕಾ, ಲಗ್ನದ ಸೀಸನ್ ಮುಗಿಯೋಗಂಟ ನಿಮ್ ಶೆಡ್ಡಿನ ಮಾಲೆಲ್ಲ ನಂಗೇ ಇರ್ಲಿ. ಬೇರೆಯೋರಿಗೆ ಮಾತು ಕೊಡ್ಬೇಡಿ," ಅಂದರು. ರೇಟಿನ ಮಾತು ಕೂಡ ಎತ್ತದೆ ಒಪ್ಪಿಕೊಂಡೆ. ಅಂಥದ್ದು ನನ್ನ ಜೀವನದಲ್ಲಿ ಅಪರೂಪ.

ಅಷ್ಟರಲ್ಲಿ ಯಜಮಾನರ ಫೋನು ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದರು.

"ಲೇ, ಸೂಪರ್‌ವೈಸರು ಬಂದು ಕೂತವ್ನೆ. ಸೋಮವಾರಾನೇ ಮರಿ ಇಳಿಸ್ತೀನಿ ಅಂತಾನೆ. ಏನ್ ಹೇಳ್ಲಿ?"

"ಫೋನು ಅವರ ಕೈಗೇ ಕೊಡಿ," ಅಂದೆ. ಕೊಟ್ಟರು.

"ಶೆಡ್ ಖಾಲಿ ಇಲ್ಲ ಸಾರ್," ಅಂದೆ.